ಅಡುಗೆಮನೆಯಲ್ಲಿ ಪ್ರಶ್ನೋತ್ತರ ಕಲಾಪ

ಮೊದಲು ಒಂದು ಕೀರಲು ಶಿಳ್ಳೆ, ಆಮೇಲೆ ಜರಡಿಯಲ್ಲಿ ಜಲ್ಲಿಕಲ್ಲು ಆಡಿಸಿದಂಥ ಸದ್ದು, ಕೊನೆಗೊಂದು ಉದ್ದನೆಯ ಕುಂಯ್. ಅದಿರಿನ ಲಾರಿಗಳು ನಮ್ಮ ಹೊಸಪೇಟೆಯನ್ನು ಕೆಂಪಗೆ ಮಾಡಿದ ಆ ವರ್ಷಗಳಲ್ಲಿ ಫ್ಯಾಕ್ಸ್ ಮಷೀನು ಹೀಗೆ ಕೂಗಿತೆಂದರೆ ಬೆಂಗಳೂರಿನಲ್ಲಿ ಅಧಿವೇಶನ ಹತ್ತಿರ ಬಂತು ಎಂದು ಅರ್ಥ. ಮಷೀನು ನಮ್ಮದಲ್ಲ. ಅಡುಗೆಮನೆಗೆ ಅಂಟಿದ್ದ ಹಳೆಯ ಕೋಣೆಯನ್ನು ನಾಗವೇಣಿ ಎಂಬಾಕೆಗೆ ಬಾಡಿಗೆಗೆ ಕೊಟ್ಟಿದ್ದೆವು. ಫ್ಯಾಕ್ಸು, ಜೆರಾಕ್ಸು, ಕನ್ನಡ ಟೈಪಿಂಗು ಎಲ್ಲ ಅವಳದು. ನಡುವಿನ ಗೋಡೆಯಲ್ಲೊಂದು ಕಿಟಕಿ ಇತ್ತು. ಈ ಕಡೆಯಿಂದ ಆ ಕಡೆಗೆ ಚಹಾ ಹೋಗುತ್ತಿತ್ತು, ಆ ಕಡೆಯಿಂದ ಈ ಕಡೆಗೆ ಸರ್ಕಾರ ಬರುತ್ತಿತ್ತು.

ನಮ್ಮ ಸೀಮೆಯ ರಸ್ತೆಗಳ ಬಗ್ಗೆ ಆಗ ಮಂತ್ರಿಗಳ ಕೈ ಸೇರಿದ ಎಷ್ಟೋ ಉತ್ತರಗಳು ನನ್ನ ಒಲೆಯ ಪಕ್ಕದಲ್ಲಿ, ಬೆಳ್ಳುಳ್ಳಿ ಸುಲಿಯುವ ಹೊತ್ತಿನಲ್ಲಿ ಹುಟ್ಟಿದವು ಎಂದರೆ ನಂಬುತ್ತೀರಾ? ಹೆತ್ತವರು ನನ್ನ ನಾದಿನಿ. ಸೂಲಗಿತ್ತಿ ನಾನು.

ನಾದಿನಿ ಎಂದರೆ ನನ್ನ ಗಂಡನ ಅಕ್ಕ. ರಸ್ತೆಗಳನ್ನು ನೋಡಿಕೊಳ್ಳುವ ಊರಿನ ಒಂದು ಇಂಜಿನಿಯರಿಂಗ್ ಕಚೇರಿಯಲ್ಲಿ ಸೂಪರಿಂಟೆಂಡೆಂಟು. ಕಚೇರಿಯಲ್ಲಿ ಫ್ಯಾಕ್ಸ್ ಇರಲಿಲ್ಲ, ಅಲ್ಲಿನ ಕಾಗದವೆಲ್ಲ ನಾಗವೇಣಿಯ ಮಷೀನಿನಲ್ಲೇ ಬಂದು ಹೋಗುತ್ತಿತ್ತು. ನಮ್ಮ ಜೊತೆಗೇ ಇದ್ದರು. ಮದುವೆ ಯಾಕೆ ಮಾಡಿಕೊಳ್ಳಲಿಲ್ಲ ಎಂದು ಯಾರಾದರೂ ಕೇಳಿದರೆ, "ಪ್ರಸ್ತಾವನೆ ಪರಿಶೀಲನೆಯಲ್ಲೈತಿ" ಎನ್ನುತ್ತಿದ್ದರು. ಐವತ್ತು ದಾಟಿದ ಮೇಲೂ ಪರಿಶೀಲನೆ ಮುಗಿದಿರಲಿಲ್ಲ. ನಾನು ಬಳ್ಳಾರಿಯ ಕಾನ್ವೆಂಟಿನಲ್ಲಿ ಸಿಸ್ಟರ್‌ಗಳ ಕೈಯಲ್ಲಿ ಕಲಿತವಳು, ಡಿಬೇಟಿನಲ್ಲಿ ಕಪ್ ಗೆದ್ದವಳು. ಹಾಗಾಗಿ ಅವರ ಬಾಯಲ್ಲಿ ನನ್ನ ಹೆಸರೇ "ಕಾನ್ವೆಂಟು". ಕಪ್ಪಿನಲ್ಲಿ ಈಗ ಸಾಸಿವೆ ಇಟ್ಟಿದ್ದೇನೆ, ಆ ಮಾತು ಬೇರೆ.

ಶಾಸಕರು ಕೇಳುವ ಪ್ರಶ್ನೆಗಳಲ್ಲಿ ಚುಕ್ಕೆ ಗುರುತಿನದು ಎಂದು ಒಂದು ಜಾತಿ ಉಂಟು. ಅದಕ್ಕೆ ಮಂತ್ರಿಗಳು ಸದನದಲ್ಲಿ ಎದ್ದು ನಿಂತು ಉತ್ತರ ಹೇಳಬೇಕು. ಆ ಉತ್ತರ ಬರೆಯುವುದೇನೂ ಕಷ್ಟವಲ್ಲ. ರಸ್ತೆ ಹಾಳಾಗಿರುವುದು ಸರ್ಕಾರದ ಗಮನಕ್ಕೆ ಬಂದಿದೆಯೇ? ಬಂದಿದೆ. ದುರಸ್ತಿ ಯಾವಾಗ? ಅನುದಾನದ ಲಭ್ಯತೆಗೆ ಅನುಗುಣವಾಗಿ, ಹಂತ ಹಂತವಾಗಿ. ಅಪಾಯ ಇರುವುದು ಆಮೇಲೆ. ಶಾಸಕರು ನಿಂತಲ್ಲೇ ಇನ್ನೊಂದು ಕೇಳಬಹುದಲ್ಲ, ಅದು ಉಪಪ್ರಶ್ನೆ. ಏನೇನು ಕೇಳಬಹುದೆಂದು ಕಚೇರಿಯವರೇ ಮೊದಲು ಊಹಿಸಿ, ಅದಕ್ಕೂ ಉತ್ತರ ಬರೆದು ಕಳಿಸಬೇಕು. ಉಳಿದವರು ಒಂದೆರಡು ಊಹಿಸಿ ಮನೆಗೆ ಹೋಗುತ್ತಿದ್ದರು. ನನ್ನ ನಾದಿನಿ ಮನೆಗೆ ಬಂದು ಶುರು ಮಾಡುತ್ತಿದ್ದರು.

"ಏಳವಾ ಕಾನ್ವೆಂಟು, ಮಾನ್ಯ ಸದಸ್ಯರಾಗು."

ನಾನು ಸೌಟು ಹಿಡಿದೇ ಎದ್ದು ನಿಲ್ಲುತ್ತಿದ್ದೆ. "ಮಾನ್ಯ ಸಭಾಧ್ಯಕ್ಷರೇ, ಆ ರಸ್ತೆಗೆ ಹೋದ ವರ್ಷ ಹಾಕಿದ ಡಾಂಬರು ಎಲ್ಲಿ ಹೋಯಿತು?"

"ಮಳಿಗೆ ಹೋಗೈತಿ."

"ಹೋದ ವರ್ಷ ಮಳೆಯೇ ಆಗಲಿಲ್ಲವಲ್ಲ?"

"ಹಂಗಾದ್ರ ಲಾರಿಗೆ ಹೋಗೈತಿ. ನಾಗವೇಣಿ, ಹೊಡಿ: ಅಧಿಕ ಭಾರದ ವಾಹನಗಳ ಸಂಚಾರದಿಂದ."

"ಅಷ್ಟು ಭಾರ ಹೇರಲು ಬಿಟ್ಟವರು ಯಾರು?"

"ಅದು ಬ್ಯಾರೆ ಇಲಾಖೆ. ಕುಂದ್ರು."

ಇವೆಲ್ಲ ಬಹುಪಾಲು ಒಂದೇ ರಸ್ತೆಯ ಮಾತು. ಗಾದಿಗನೂರಿನ ಆಚೆ ಒಂದು ಸಣ್ಣ ಹಳ್ಳಿಗೆ ಹೋಗುವ ರಸ್ತೆ ಅದು. ಹೆದ್ದಾರಿಯಲ್ಲಿ ಸಾಲುಗಟ್ಟಿ ನಿಂತು ಬೇಸತ್ತ ಲಾರಿಗಳು ಆ ಹಳ್ಳಿಯನ್ನು ಅಡ್ಡದಾರಿ ಮಾಡಿಕೊಂಡು ರಸ್ತೆಯನ್ನು ಉತ್ತು ಹಾಕಿದ್ದವು. ಪ್ರತಿ ಅಧಿವೇಶನಕ್ಕೂ ಅದರ ಪ್ರಶ್ನೆ ಬರುತ್ತಿತ್ತು. ಪ್ರತಿ ಸಲವೂ ನನ್ನ ನಾದಿನಿ ಅದಕ್ಕೆ ಹೊಸ ಉತ್ತರ ಹಾಸುತ್ತಿದ್ದರು. ಪಾಪ, ಆ ರಸ್ತೆಗೆ ಹಾಸಿದ್ದು ಅದೊಂದೇ.

ಅವರ ಮುಖ್ಯ ಸೂತ್ರ ಒಂದಿತ್ತು: ಕೇಳಿದ್ದಕ್ಕಷ್ಟೇ ಉತ್ತರ. ಒಂದು ಮಾತು ಹೆಚ್ಚು ಹೇಳಿದರೆ ಅದಕ್ಕೆ ಹತ್ತು ಉಪಪ್ರಶ್ನೆ ಹುಟ್ಟುತ್ತವಂತೆ. ಇದನ್ನು ಕಚೇರಿಯಲ್ಲೇ ಬಿಟ್ಟು ಬಂದಿದ್ದರೆ ಚೆನ್ನಾಗಿತ್ತು. ಒಮ್ಮೆ ಕಂಪ್ಲಿಯಿಂದ ಒಬ್ಬ ಭತ್ತದ ದಲ್ಲಾಳಿ ಬಂದ. ಕಂಪ್ಲಿಯಲ್ಲಿ ನಮ್ಮದೊಂದು ಅಕ್ಕಿ ಗಿರಣಿಯ ಪಾಲಿತ್ತು, ನನ್ನ ಗಂಡನನ್ನು ಕಾಣಬೇಕಿತ್ತು ಅವನಿಗೆ. ನಾನು ಪೇಟೆಗೆ ಹೋಗಿದ್ದೆ. ಬಾಗಿಲಲ್ಲಿ ನಾದಿನಿ.

"ಸಾವ್ಕಾರ್ರು ಆರಾಮ ಅದಾರೇನ್ರಿ?"

"ಆರಾಮ ಅದಾರ."

"ನಾಷ್ಟಾ ಆತೇನ್ರಿ ಅವರ್ದು?"

"ಆತು."

ದಲ್ಲಾಳಿ ಕಟ್ಟೆಯ ಮೇಲೆ ಕೂತ. ನಾದಿನಿ ಅವನಿಗೆ ನೀರು ಕೊಟ್ಟರು, ಚಹಾ ಕೊಟ್ಟರು, ಮಧ್ಯಾಹ್ನ ಒಗ್ಗರಣಿ ಮಿರ್ಚಿಯನ್ನೂ ಕೊಟ್ಟರು. ಬಿಸಿಲು ಇಳಿದ ಮೇಲೆ ಆತ ಅಳುಕುತ್ತ, "ಅಕ್ಕಾರ, ಸಾವ್ಕಾರ್ರು ಹೊರಗ ಯಾವಾಗ ಬರ್ತಾರ?" ಎಂದ.

"ಅವರು ಮುಂಜಾನಿನೇ ಕಂಪ್ಲಿಗೆ ಹೋಗ್ಯಾರಲ್ಲ."

"ಅಲ್ರಿ, ನಾ ಕಂಪ್ಲಿಯಿಂದನ ಬಂದೀನಿ. ಒಂದ ಮಾತು ಹೇಳಬಾರದಾಗಿತ್ತೇನ್ರಿ?"

"ನೀವು ಮನ್ಯಾಗ ಅದಾರೇನು ಅಂತ ಕೇಳಿದ್ರೇನು?"

ಇನ್ನೊಂದು ಸಲ ನನ್ನ ಮಗಳಿಗೆ ಸಂಡೂರಿನ ಕಡೆಯಿಂದ ಸಂಬಂಧ ಬಂತು. ಹುಡುಗನ ತಂದೆ ಹೊಲವನ್ನು ಅದಿರು ರಾಶಿ ಹಾಕಲು ಕೊಟ್ಟು ಹೊಸದಾಗಿ ಸಾಹುಕಾರರಾದವರು. ಕಾರಿನ ಸೀಟಿನ ಪ್ಲಾಸ್ಟಿಕ್ಕು ಕೂಡ ಇನ್ನೂ ತೆಗೆದಿರಲಿಲ್ಲ. "ಹುಡುಗಂದು ಲಾರಿ ಭಾಳ ಅದಾವ್ರಿ" ಎಂದರು. ನಾವೆಲ್ಲ ತಲೆಯಾಡಿಸಿದೆವು. ನಾದಿನಿ ಮಾತ್ರ ಕನ್ನಡಕ ಮೇಲೇರಿಸಿ, "ಓಡೋವೆಷ್ಟು, ಕೆಟ್ಟು ನಿಂತಾವೆಷ್ಟು, ಬ್ಯಾಂಕಿನವೆಷ್ಟು?" ಎಂದರು. ಬೀಗರಾಗಬೇಕಿದ್ದವರು ಕರವಸ್ತ್ರ ತೆಗೆದು ಮುಖ ಒರೆಸಿಕೊಂಡು, ವಿಚಾರಿಸಿ ಹೇಳುತ್ತೇನೆ ಎಂದು ಎದ್ದರು. ಇನ್ನೂ ವಿಚಾರಿಸುತ್ತಿರಬೇಕು. ಮಗಳು ತನಗೆ ಬೇಕಾದವನನ್ನು ಮದುವೆಯಾದಳು. ಅವನ ಹತ್ತಿರ ಒಂದು ಸ್ಕೂಟರು ಇತ್ತು. ಓಡುತ್ತಿತ್ತು.

ಈಗ ನಾಗವೇಣಿಯ ವಿಷಯ. ಅವಳ ಕಿವಿಯಿಂದ ಬೆರಳಿಗೆ ಎಕ್ಸ್‌ಪ್ರೆಸ್ ಬಸ್ಸು, ನಡುವೆ ಒಂದು ಸ್ಟಾಪೂ ಇಲ್ಲ. ಕಿಟಕಿಯಿಂದ ಏನು ಬಿದ್ದರೂ ಟೈಪು ಮಾಡಿಬಿಡುತ್ತಿದ್ದಳು. ಒಂದು ಸಾಯಂಕಾಲ ನಾನು ಮಾನ್ಯ ಸದಸ್ಯೆಯಾಗಿ, "ಈ ವಿಳಂಬಕ್ಕೆ ಸರ್ಕಾರದ ಸಮಜಾಯಿಷಿ ಏನು?" ಎಂದು ಗುಡುಗಿದೆ. ಅದೇ ಹೊತ್ತಿಗೆ ನಾದಿನಿ ಒಲೆಯ ಕಡೆ ನೋಡಿ, "ಹಾಲು ಉಕ್ಕಾಕತ್ತೈತಿ, ಮೊದಲು ಅದನ್ನ ನೋಡು" ಎಂದರು. ನಾಗವೇಣಿ ಅದನ್ನು ಶುದ್ಧ ಕಚೇರಿಗನ್ನಡಕ್ಕೆ ತಿರುಗಿಸಿ, "ಹಾಲು ಉಕ್ಕುತ್ತಿದ್ದು, ಪ್ರಥಮ ಆದ್ಯತೆಯ ಮೇರೆಗೆ ಗಮನಹರಿಸಲಾಗುವುದು" ಎಂದು ಹೊಡೆದಳು. ಕಚೇರಿಯ ಸಾಹೇಬರು ಸಹಿ ಹಾಕಿದರು. ಫ್ಯಾಕ್ಸು ಕುಂಯ್ ಎಂದು ಬೆಂಗಳೂರಿಗೆ ಹೋಯಿತು.

ತಪ್ಪು ಗೊತ್ತಾದದ್ದು ಮರುದಿನ. ಓ ಮೈ ಗಾಡ್, ನನಗೆ ನಗು ತಡೆಯಲಾಗಲಿಲ್ಲ. ನಾದಿನಿ ಫೋನಿನ ಪಕ್ಕ ಕೂತರು. ಇವತ್ತು ಬೈಗುಳ ಬರುತ್ತದೆ, ನಾಳೆ ಮೆಮೋ ಬರುತ್ತದೆ ಎಂದು ಕಾದರು. ಅಧಿವೇಶನ ಮುಗಿದರೂ ಯಾರೂ ಫೋನು ಮಾಡಲಿಲ್ಲ. ಬಚಾವಾದೆವು ಎಂದು ನಾನು ಶಿರಾ ಮಾಡಿದೆ. ಅವರು ತಟ್ಟೆ ಮುಟ್ಟಲಿಲ್ಲ.

"ಒಬ್ರರ ಬೈಬೇಕಿತ್ತಲ್ಲವಾ" ಎಂದರು. "ಅಂದ್ರ ಯಾರೂ ಓದಂಗೇ ಇಲ್ಲ."

ಅಲ್ಲಿಯವರೆಗೆ ನನಗೆ ಹೊಳೆದಿರಲಿಲ್ಲ. ಅವರು ಬರೆದ ಒಂದು ಉಪಪ್ರಶ್ನೆಯ ಉತ್ತರವೂ ಅವತ್ತಿನವರೆಗೆ ಸದನದಲ್ಲಿ ಬೇಕಾಗಿರಲಿಲ್ಲ. ಒಮ್ಮೆ ಗದ್ದಲವಾಗಿ ಕಲಾಪ ಮುಂದಕ್ಕೆ ಹೋಗುತ್ತಿತ್ತು, ಒಮ್ಮೆ ಹೊತ್ತು ಸಾಲುತ್ತಿರಲಿಲ್ಲ, ಒಮ್ಮೆ ಪ್ರಶ್ನೆ ಕೇಳಿದವರೇ ಬಂದಿರುತ್ತಿರಲಿಲ್ಲ. "ರಿಟೈರ್ ಆಗೂದ್ರಾಗ ಒಂದ ಸಲ ಯಾರರ ಎದ್ದು ಕೇಳಬೇಕು, ಮಂತ್ರಿಗಳು ನನ್ನ ಹಾಳಿ ತಿರುವಿ ಓದಬೇಕು. ಅಷ್ಟಾದ್ರ ಸಾಕು ನನಗ" ಎಂದರು. ಅದನ್ನು ಆಸೆ ಎಂದು ಹೇಳಲಿಲ್ಲ. ಬೇಡಿಕೆ ಎಂದರು.

ನಿವೃತ್ತಿಗೆ ಮುಂಚಿನ ಕೊನೆಯ ಅಧಿವೇಶನ ಮಳೆಗಾಲದಲ್ಲಿ ಬಂತು. ಅದೇ ಹಳ್ಳಿಯ ಅದೇ ರಸ್ತೆ, ಈ ಸಲ ಪಟ್ಟಿಯಲ್ಲಿ ಮೊದಲಿಗೇ ಇತ್ತು. ಯಾವ ಹಾಳೆ ಎಲ್ಲಿದೆ ಎಂದು ಅಕ್ಕಾರಿಗೆ ಮಾತ್ರ ಗೊತ್ತು ಎಂದು ಸಾಹೇಬರು ಇವರನ್ನೂ ಬೆಂಗಳೂರಿಗೆ ಕರೆದರು. ನಾನು ಬಿಡುತ್ತೇನೆಯೇ? ಪಾಸು ಮಾಡಿಸಿಕೊಂಡು ಹಿಂದೆಯೇ ಹೋದೆ. ಅವರು ಗಂಜಿ ಹಾಕಿದ ಇಳಕಲ್ ಸೀರೆಯುಟ್ಟು ಅಧಿಕಾರಿಗಳ ಗ್ಯಾಲರಿಯಲ್ಲಿ ಕೂತರು. ನಾನು ಮೇಲೆ ಸಾರ್ವಜನಿಕರ ಜೊತೆ ಕೂತೆ. ಕಾನ್ವೆಂಟಿನ ಚಾಪೆಲ್ಲಿನಲ್ಲಿ ಕೂಡ ನಾನು ಅಷ್ಟು ಭಕ್ತಿಯಿಂದ ಕೂತವಳಲ್ಲ.

ಪ್ರಶ್ನೆ ಬಂತು. ಗದ್ದಲ ಇರಲಿಲ್ಲ. ಮಾನ್ಯ ಸದಸ್ಯರು ಹಾಜರಿದ್ದರು. ಮಂತ್ರಿಗಳು ಎದ್ದು, "ಬಂದಿದೆ" ಎಂದರು, "ಹಂತ ಹಂತವಾಗಿ" ಎಂದರು. ಸಭಾಧ್ಯಕ್ಷರು, "ಉಪಪ್ರಶ್ನೆ ಇದೆಯೇ?" ಎಂದರು. ನಾದಿನಿ ತಮ್ಮ ಸೀಟಿನ ಅಂಚಿಗೆ ಬಂದದ್ದು ನನಗೆ ಮೇಲಿನಿಂದ ಕಂಡಿತು.

ಸದಸ್ಯರು ಕೈ ಮುಗಿದು, "ಉತ್ತರದಿಂದ ನನಗೆ ಸಮಾಧಾನವಾಗಿದೆ" ಎಂದು ಕೂತುಬಿಟ್ಟರು.

ನಾದಿನಿ ಎದ್ದು ನಿಂತರು. "ಅಯ್ಯ, ಕೇಳ್ರೀ!" ಎಂದರು. ಪಿಸುಮಾತು ಅಂದುಕೊಂಡಿದ್ದರಂತೆ. ಮೇಲಿದ್ದ ನನಗೂ ಕೇಳಿಸಿತು. ಮಾರ್ಷಲ್ ಒಬ್ಬರು ತುಟಿಯ ಮೇಲೆ ಬೆರಳಿಟ್ಟುಕೊಂಡು ಬಂದರು. ಸಾಹೇಬರು ಸೆರಗು ಹಿಡಿದೆಳೆಯಲಾಗದೆ ಬ್ಯಾಗು ಹಿಡಿದೆಳೆದು ಕೂರಿಸಿದರು.

ಹೊರಗೆ ಮರದ ಕೆಳಗೆ ಕೂತು ರೊಟ್ಟಿ ಗಂಟು ಬಿಚ್ಚಿದೆವು. ಅಳುತ್ತಾರೇನೋ ಎಂದು ನಾನು ಹೆದರಿದ್ದೆ. ಅವರು ಸಿಟ್ಟಿನಲ್ಲಿ ಕುದಿಯುತ್ತಿದ್ದರು.

"ಸಮಾಧಾನ ಆತಂತ. ಏನ್ ನೋಡಿ ಸಮಾಧಾನ ಆತು? ರಸ್ತಿ ಎಲ್ಲೈತಿ?"

"ಅಕ್ಕಾ, ಆ ಉತ್ತರ ಬರೆದವರು ನೀವೇ ಅಲ್ಲೇನ್ರಿ?"

"ನಾ ಬರದಿದ್ದು ಉತ್ತರ. ಅವ ಅದನ್ನ ರಸ್ತಿ ಅಂತ ತಿಳಕೊಂಡ್ನಲ್ಲ."

ಊರಿಗೆ ಬಂದರು, ನಿವೃತ್ತರಾದರು, ಹಾರ ಹಾಕಿಸಿಕೊಂಡರು. ಮರುವಾರದಿಂದ ಮುಂಜಾನೆ ಗಾದಿಗನೂರಿನ ಬಸ್ಸು ಹತ್ತತೊಡಗಿದರು. ಆ ಹಳ್ಳಿಗೆ ಬಸ್ಸು ನಿಂತು ಬಹಳ ಕಾಲವಾಗಿತ್ತು. ಕ್ರಾಸಿನಲ್ಲಿ ಇಳಿದು, ಮೂಗಿಗೆ ಸೆರಗು ಕಟ್ಟಿಕೊಂಡು, ಕೆಂಪು ಧೂಳಿನಲ್ಲಿ ನಡೆದು ಹೋಗಬೇಕು. ಸಂಜೆ ಬಂದಾಗ ಹುಬ್ಬು ಕೂಡ ಕೆಂಪಾಗಿರುತ್ತಿತ್ತು.

"ಅಲ್ಲಿ ಹೋಗಿ ಏನು ಮಾಡ್ತೀರಿ?" ಎಂದು ಕೇಳಿದೆ.

"ಬಸ್ ನಿಂತ ಮ್ಯಾಲ ಹೈಸ್ಕೂಲು ಬಿಟ್ಟ ಹುಡುಗ್ಯಾರ ಹೆಸರು ಕೇಳ್ತೀನಿ. ಎಷ್ಟು ಮಂದಿ ಅಂತ ಕೇಳಿದ್ರ, ಮಾಹಿತಿ ಸಂಗ್ರಹಿಸಲಾಗುತ್ತಿದೆ ಅಂತ ಬರೀತಿದ್ದೆ ನಾನು. ಒಂದೊಂದ ಹೆಸರು ಹೇಳಿ, ಈಕಿ ಯಾಕ ಮನ್ಯಾಗ ಕುಂತಾಳ ಅಂತ ಕೇಳಿದ್ರ ಏನ್ ಬರಿಯಾಕ ಬರತೈತಿ?"

ಆ ಸಮಾಧಾನದ ಸದಸ್ಯರ ಮನೆಗೂ ಹೋಗಿದ್ದರು, ನನ್ನನ್ನೂ ಕರೆದುಕೊಂಡು. ಹೆಸರುಗಳ ಪಟ್ಟಿ ಮುಂದಿಟ್ಟು, "ಮುಂದಿನ ಸಲ ಇದನ್ನ ಕೇಳ್ರಿ" ಎಂದರು. "ಇದಕ್ಕ ಉತ್ತರ ಇಲ್ಲ. ಸರ್ವೀಸಿನ ತುಂಬ ನಾನ ಹುಡುಕೀನಿ." ಸದಸ್ಯರು ಎದ್ದು ನಿಂತು ನಮಸ್ಕಾರ ಮಾಡಿದರು. ಹೆದರಿಕೆಯಿಂದಲೋ ಗೌರವದಿಂದಲೋ, ನನಗೆ ತಿಳಿಯಲಿಲ್ಲ.

ಮುಂದಿನ ಅಧಿವೇಶನದಲ್ಲಿ ಅವರು ನಿಜವಾಗಿಯೂ ಕೇಳಿದರು. ಹುಡುಗಿಯರ ಹೆಸರುಗಳನ್ನು ಒಂದೊಂದಾಗಿ ಓದಿದರಂತೆ. ಮಂತ್ರಿಗಳು ಹಾಳೆ ತಿರುವಿದರಂತೆ, ಮತ್ತೆ ತಿರುವಿದರಂತೆ, ಕೊನೆಗೆ ಮಾಡಿಸಿಕೊಡುತ್ತೇನೆ ಎಂದು ಕೂತರಂತೆ. ರಸ್ತೆ ಆಯಿತು. ಊರಿನ ಬಾಗಿಲವರೆಗಲ್ಲದಿದ್ದರೂ, ಹುಡುಗಿಯರನ್ನು ಹೈಸ್ಕೂಲಿಗೆ ಒಯ್ಯುವ ಬಸ್ಸು ಬಂದು ತಿರುಗುವಷ್ಟು ಆಯಿತು.

ಇದನ್ನು ಹೇಳೋಣವೆಂದರೆ ನನ್ನ ನಾದಿನಿ ಇರಲಿಲ್ಲ. ಅಧಿವೇಶನಕ್ಕೆ ಇನ್ನೂ ಕೆಲವು ವಾರ ಇದ್ದಾಗ ಅದೇ ಹಳ್ಳಿಯಲ್ಲಿ, ಒಬ್ಬ ಹುಡುಗಿಯ ಮನೆಯಲ್ಲಿ ಊಟ ಮಾಡಿ ಕೂತವರು ಹಾಗೇ ಗೋಡೆಗೆ ಒರಗಿದರಂತೆ, ಮತ್ತೆ ಏಳಲಿಲ್ಲ.

ಆ ದಿನ ಮುಂಜಾನೆ ನಾನು ಬಸ್ ಸ್ಟ್ಯಾಂಡಿಗೆ ಹೋಗಿದ್ದೆ. ನೀರಿನ ಬಾಟಲಿ ಮನೆಯಲ್ಲೇ ಬಿಟ್ಟು ಬಂದಿದ್ದರು, ಕೊಡಲು ಓಡಿದ್ದೆ. ಅವರು ಕಿಟಕಿಯ ಪಕ್ಕ ಕೂತಿದ್ದರು. ಸರಳುಗಳ ನಡುವೆ ಬಾಟಲಿ ತೂರಿಸಿದೆ, ತೆಗೆದುಕೊಂಡರು. ನನ್ನ ಕಡೆ ತಿರುಗಲಿಲ್ಲ. ಪಕ್ಕದ ಸೀಟಿನಲ್ಲಿ ಬುತ್ತಿ ಗಂಟು ಮಡಿಲಲ್ಲಿಟ್ಟುಕೊಂಡು, ಅದಿರು ಆರಿಸಲು ಹೊರಟಿದ್ದ ಒಂದು ಹೆಣ್ಣುಮಗು ಕೂತಿತ್ತು. ನಾದಿನಿ ಅದರ ಕಡೆ ಬಾಗಿ, ನಾನು ಅವರಿಂದ ಎಂದೂ ಕೇಳಿರದಷ್ಟು ಮೆಲ್ಲಗೆ, "ನಿನ್ನ ಹೆಸರೇನವಾ?" ಎನ್ನುತ್ತಿದ್ದರು. ಮಗು ಏನೋ ಹೇಳಿತು. ಅಷ್ಟರಲ್ಲಿ ಡ್ರೈವರು ಇಂಜಿನ್ ಚಾಲೂ ಮಾಡಿದ. ನನಗೆ ಕೇಳಿಸಲಿಲ್ಲ. ಅವರಿಗೆ ಕೇಳಿಸಿತು, ತಲೆಯಾಡಿಸಿದರು.