ಅಳತೆ ತಪ್ಪು, ಬಳಸಕೂಡದು

ನನ್ನ ತಲೆನೋವಿಗೆ ಒಂದು ಜನ್ಮದಿನಾಂಕವಿದೆ. ಅದು ಹುಟ್ಟಿದ್ದು ಒಂದು ಮಂಗಳವಾರ ಬೆಳಗ್ಗೆ ಏಳೂಕಾಲಕ್ಕೆ, ಪಾರ್ಕಿನ ಕಲ್ಲುಬೆಂಚಿನ ಮೇಲೆ. ಏಳು ಗಂಟೆಗೆ ಅದರ ಸುಳಿವೂ ಇರಲಿಲ್ಲ. ಏಳೂವರೆಗೆ ಮೀಸೆ ಬಂದು, ಕೆಲಸಕ್ಕೆ ಸೇರಿ, ಎಡಗಿವಿಯ ಹಿಂದೆ ಸ್ವಂತ ಮನೆ ಕಟ್ಟಿಕೊಂಡಿತ್ತು. ಇಷ್ಟು ಬೇಗ ಉದ್ಧಾರವಾದ ಕೂಸನ್ನು ನಾನು ಇನ್ನೊಂದು ಕಂಡಿಲ್ಲ.

ನಾವು ನಿವೃತ್ತರು ಐದಾರು ಜನ ದಿನಾ ನಡೆಯಲೆಂದು ಅಲ್ಲಿಗೆ ಹೋಗಿ ಕೂರುತ್ತೇವೆ. ಅವತ್ತು ಟೈ ಕಟ್ಟಿದ ಮಾರಾಟಗಾರನೊಬ್ಬ ಬಂದು ನಮ್ಮೆದುರು ನಿಂತ.

"ಹಿರಿಯರೇ, ಮನೇಲಿ ಫ್ರಿಜ್ ಇದೆಯಾ?"

ಇದೆ ಎಂದೆವು.

"ಫ್ಯಾನು? ಟೀವಿ? ಮೊಬೈಲು?"

ಇವೆ ಎಂದು ಜೇಬು ಮುಟ್ಟಿ ನೋಡಿಕೊಂಡೆವು. ಅವನು ಸಾವಿನ ಮನೆಗೆ ಬಂದವನ ಹಾಗೆ ನಿಧಾನವಾಗಿ ತಲೆಯಾಡಿಸಿದ. ಗೋಡೆಯೊಳಗಿನ ತಂತಿಗಳಿಂದ ಕಣ್ಣಿಗೆ ಕಾಣದ ಅಲೆಗಳು ಹೊರಡುತ್ತವಂತೆ. ಗಾರೆ ದಾಟಿ, ದಿಂಬು ದಾಟಿ, ಬುರುಡೆಯೊಳಗೆ ಹೊಕ್ಕು ಅಲ್ಲೇ ಸಂಸಾರ ಹೂಡುತ್ತವಂತೆ. "ಬೆಳಗ್ಗೆ ಎದ್ದಾಗ ಕುತ್ತಿಗೆ ಹಿಡಿಯುತ್ತಾ? ಕನ್ನಡಕ ಎಲ್ಲಿಟ್ಟೆ ಅಂತ ಮರೆತುಹೋಗುತ್ತಾ? ಹೆಂಡತಿ ಮಾತಾಡಿದ್ರೆ ಸಿಟ್ಟು ಬರುತ್ತಾ?" ಎಂದು ಕೇಳಿದ. ಅರವತ್ತು ದಾಟಿದ ಗಂಡಸರ ಮುಂದೆ ಈ ಮೂರು ಪ್ರಶ್ನೆ ಇಟ್ಟರೆ ಬೆಂಚಿಗೆ ಬೆಂಚೇ ಕೈಯೆತ್ತುತ್ತದೆ. ನಾನು ಎರಡೂ ಕೈ ಎತ್ತಿದೆ.

ಅಲೆಗಳನ್ನು ಅಳೆಯಲು ಅವನ ಬಳಿ ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡದಾದ ಒಂದು ಮೀಟರಿತ್ತು. ಗಾಜಿನ ಕೆಳಗೆ ತೆಳ್ಳನೆಯ ಮುಳ್ಳು, ಅದರ ಹಿಂದೆ ಹಸಿರು, ಹಳದಿ, ಕೆಂಪು. ಮೀಟರು ಕೊಂಡವರಿಗೆ ತಾಮ್ರದ ಬಣ್ಣದ ದಪ್ಪ ಕಡಗವೊಂದು ಉಚಿತ. ಅದನ್ನು ತೊಟ್ಟವರ ಹತ್ತಿರ ಅಲೆ ಸುಳಿಯುವುದಿಲ್ಲವಂತೆ. "ಕಡಗದೊಳಗೆ ಏನಿದೆಯಪ್ಪಾ?" ಎಂದೆ. "ಅದು ಕಂಪನಿ ಗುಟ್ಟು ಸಾರ್" ಎಂದ. ಗುಟ್ಟು ಎಂದಮೇಲೆ ಘನವಾದದ್ದೇ ಇರಬೇಕೆಂದು ಮೀಟರು ಕೊಂಡು, ಕಡಗವನ್ನು ಎಡಗೈಗೆ ತೊಟ್ಟುಕೊಂಡೆ.

ಯಾರೋ ಹೇಳಿದ್ದನ್ನೆಲ್ಲ ನಂಬುವ ಮುದುಕ ಎಂದು ನೀವು ನನ್ನ ಬಗ್ಗೆ ತಿಳಿಯಬಾರದು. ನಾನು ಮೂವತ್ಮೂರು ವರ್ಷ ತೂಕ ಮತ್ತು ಅಳತೆ ಇಲಾಖೆಯಲ್ಲಿ ಇನ್‌ಸ್ಪೆಕ್ಟರ್ ಆಗಿದ್ದವನು. ನಾನು ಪೇಟೆಯ ಆ ತುದಿಗೆ ಕಾಲಿಟ್ಟರೆ ಈ ತುದಿಯ ತಕ್ಕಡಿಗಳು ಎದ್ದು ನೆಟ್ಟಗೆ ನಿಲ್ಲುತ್ತಿದ್ದವು. ನನ್ನ ಕೀರ್ತಿಯ ಶಿಖರವೆಂದರೆ ಬೇಳೆ ವ್ಯಾಪಾರಿಯ ಪ್ರಕರಣ. ತಕ್ಕಡಿಯ ತಟ್ಟೆಯ ಅಡಿಗೆ ಅವನು ಅಯಸ್ಕಾಂತ ಅಂಟಿಸಿದ್ದ. ನಾನು ಬರಿ ತಟ್ಟೆಯಲ್ಲೇ ಮುಳ್ಳು ಅಲುಗುವುದನ್ನು ಕಂಡು, ಬಗ್ಗಿ, ಅದನ್ನು ಕಿತ್ತು ಇಡೀ ಬೀದಿಗೆ ಕಾಣುವ ಹಾಗೆ ಎತ್ತಿ ಹಿಡಿದೆ. ಅವನು ಕಣ್ಣುಬಿಟ್ಟು, "ಇದು ಇಲ್ಲಿಗೆ ಹೇಗೆ ಬಂತೋ ನನಗೆ ಗೊತ್ತಿಲ್ಲ ಸ್ವಾಮಿ" ಎಂದ. ನಾನು ನಕ್ಕ ಆ ನಗು ಇಲಾಖೆಯಲ್ಲಿ ಹತ್ತು ವರ್ಷ ಪ್ರತಿಧ್ವನಿಸಿತು. (ಈ ಕಥೆಯನ್ನು ನಾನು ನನ್ನಾಕೆಗೆ ನಾನೂರು ಸಲ ಹೇಳಿದ್ದೇನೆ ಎಂಬುದು ಅವಳ ಲೆಕ್ಕ. ಇನ್ನೂರ ಐವತ್ತು ಮೀರಿರಲಾರದು.)

ನಿವೃತ್ತಿಯ ದಿನ ಕಚೇರಿಯಿಂದ ನಾನು ನೆನಪಿಗೆಂದು ತಂದದ್ದು ಒಂದು ಕಟ್ಟು ಕೆಂಪು ರಟ್ಟಿನ ಚೀಟಿ. ಮೂಲೆಯಲ್ಲಿ ದಾರ, ಮೇಲೆ ದಪ್ಪ ಅಕ್ಷರದಲ್ಲಿ: "ಅಳತೆ ತಪ್ಪು, ಬಳಸಕೂಡದು". ಸುಳ್ಳು ತಕ್ಕಡಿಗೆ ಅದನ್ನು ಕಟ್ಟಿದರೆ ಸಾಕು, ಮಾಲೀಕ ಬೆವರುತ್ತಿದ್ದ.

ಬುಧವಾರ ನಾನು ಎಡಗೈಯಲ್ಲಿ ಮೀಟರು, ಬಲಗೈಯಲ್ಲಿ ಪೆನ್ನು, ಕಂಕುಳಲ್ಲಿ ರಿಜಿಸ್ಟರು ಹಿಡಿದು ನಮ್ಮ ಮನೆಯ ಮೇಲೆಯೇ ದಾಳಿ ಮಾಡಿದೆ. ಫ್ರಿಜ್ಜಿನ ಮುಂದೆ ಮುಳ್ಳು ಕೆಂಪಿಗೆ ಹಾರಿತು. ಟೀವಿಯ ಮುಂದೆ ಕೆಂಪು. ಮಿಕ್ಸಿಯ ಮುಂದೆ ಕೆಂಪು. ಪುಸ್ತಕದ ಕಪಾಟಿನ ಮುಂದೆಯೂ ಕೆಂಪು! ಗೋಡೆಯ ಹಿಂದೆ ತಂತಿ ಹೋಗಿರಬೇಕೆಂದು ಬರೆದುಕೊಂಡೆ. ಹಿತ್ತಲಿಗೆ ಹೋದೆ, ಬಟ್ಟೆ ಒಣಹಾಕುವ ಹಗ್ಗದ ಮುಂದೆಯೂ ಕೆಂಪು. ಊರಿಡೀ ಅಲೆಯಲ್ಲಿ ಮುಳುಗಿದೆ, ನಾವು ಮೀನುಗಳು ಮಾತ್ರ ತಿಳಿಯದೆ ಈಜುತ್ತಿದ್ದೇವೆ ಎಂದು ರಿಜಿಸ್ಟರಿನಲ್ಲಿ ಷರಾ ಬರೆದೆ. ಕಡೆಗೆ ನಡುಮನೆಗೆ ಬಂದೆ.

ಅಲ್ಲಿ ನನ್ನಾಕೆಯ ಸಾಮ್ರಾಜ್ಯ. ಅವಳು ಹೊಲಿಗೆಯವಳು. ಕತ್ತರಿ ಹಾಕುವ ಮೇಜು, ಇಸ್ತ್ರಿಪೆಟ್ಟಿಗೆ, ಅವಳಮ್ಮ ಕೊಟ್ಟ ಕಾಲುತುಳಿತದ ಮಿಷನ್ನು. ಮೊಣಕಾಲು ಕಟಕಟ ಅನ್ನತೊಡಗಿದ ಮೇಲೆ ಅದಕ್ಕೊಂದು ಮೋಟಾರು ಕೂರಿಸಿದ್ದಳು. ಆ ವಾರ ಶಾಲೆಯ ನಾಟಕದ ಮಕ್ಕಳಿಗೆ ಇಪ್ಪತ್ಮೂರು ಮೊಲಗಳ ವೇಷ ಹೊಲಿಯುವ ಕೆಲಸ ಒಪ್ಪಿಕೊಂಡಿದ್ದಳು. ಶನಿವಾರ ಬೆಳಗ್ಗೆ ಎಂಟಕ್ಕೆ ಮೊಲಗಳು ಶಾಲೆಯಲ್ಲಿರಬೇಕು. ಇಲ್ಲದಿದ್ದರೆ ಮುಂದಿನ ವರ್ಷದ ಸಮವಸ್ತ್ರವೆಲ್ಲ ಬಸ್‌ ಸ್ಟ್ಯಾಂಡಿನ ಬಳಿಯ ಟೈಲರ್‌ ಪಾಲಾಗುತ್ತದೆಂದು ಹೆಡ್‌ಮೇಡಂ ನಗುನಗುತ್ತಲೇ ಹೇಳಿದ್ದರು.

ನಾನು ಮೀಟರನ್ನು ಮೋಟಾರಿನ ಹತ್ತಿರ ಹಿಡಿದೆ. ಮುಳ್ಳು ಕೆಂಪಿನ ಕೊನೆಗೆ ಹೋಗಿ ಗೋಡೆಗೆ ತಲೆ ಚಚ್ಚಿಕೊಂಡಿತು. ಅಷ್ಟೇ ಅಲ್ಲ, ಮೇಜಿನ ಮೇಲಿದ್ದ ನಾಲ್ಕು ಗುಂಡುಸೂಜಿಗಳು ಟಣ್ಣನೆ ಹಾರಿ ನನ್ನ ಮುಂಗೈಗೆ ಅಂಟಿಕೊಂಡವು!

"ನೋಡ್ದೇನೇ! ಕರೆಂಟು ನನ್ನ ಮೈಯೊಳಗೇ ಇಳಿದುಬಿಟ್ಟಿದೆ! ನಾನೇ ಅಯಸ್ಕಾಂತ ಆಗೋಗಿದ್ದೀನಿ!"

ಅವಳು ಮೊಲದ ಬಾಲದಿಂದ ತಲೆ ಎತ್ತಲಿಲ್ಲ. "ಮೂವತ್ತೇಳು ವರ್ಷದಿಂದ ನೋಡ್ತಿದ್ದೀನಿ, ನಿಮ್ಮಲ್ಲಿ ಅಂಥ ಆಕರ್ಷಣೆ ಏನೂ ಕಂಡಿಲ್ಲ. ಸೂಜಿ ಇಲ್ಲಿ ಇಡಿ."

"ತಮಾಷೆ ಅಲ್ಲ ಕಣೇ. ನನ್ನ ತಲೆನೋವಿಗೆ ಈ ಮೋಟಾರೇ ಕಾರಣ. ನಿಲ್ಸು."

"ನಿಮ್ಮ ತಲೆನೋವಿಗೆ ನಿನ್ನೆ ಹುಟ್ಟಿದಹಬ್ಬ. ಮೋಟಾರು ಬಂದು ಆರು ವರ್ಷ ಆಯ್ತು."

"ಆರು ವರ್ಷದಿಂದ ಹೊಂಚುಹಾಕ್ತಾ ಇತ್ತು!"

ಎಂದವನೇ ಮಿಷನ್ನಿನ ಬೆಲ್ಟು ಕಳಚಿ, ಮೋಟಾರಿಗೆ ಒಂದು ಕೆಂಪು ಚೀಟಿ ಕಟ್ಟಿಬಿಟ್ಟೆ. ನನ್ನಾಕೆ ಕತ್ತರಿ ಕೆಳಗಿಟ್ಟಳು. (ಅವಳು ಕತ್ತರಿ ಕೈಯಲ್ಲಿ ಹಿಡಿದಿರುವಾಗ ನನಗೆ ಭಯವಿಲ್ಲ. ಕೆಳಗಿಟ್ಟಾಗ ಇದೆ.)

"ರೀ, ನನ್ನ ಮೊಣಕಾಲು ತುಳಿಯಲ್ಲ. ಇಪ್ಪತ್ಮೂರು ಮೊಲ, ನಲವತ್ತಾರು ಕಿವಿ. ಯಾರು ತುಳೀತಾರೆ?"

"ನಾನು!" ಎಂದೆ. ವೀರರು ಯೋಚಿಸಿ ಮಾತಾಡುವುದಿಲ್ಲ.

ಹೀಗೆ ಗುರುವಾರ ನಮ್ಮ ಮನೆಯಲ್ಲಿ ಗಂಡನ ಶಕ್ತಿಯಿಂದ ಓಡುವ ಜಗತ್ತಿನ ಮೊಟ್ಟಮೊದಲ ಹೊಲಿಗೆ ಯಂತ್ರ ಚಾಲನೆಗೊಂಡಿತು. ಅವಳು ಮುಂದೆ ಕೂತು ಬಟ್ಟೆ ನಡೆಸುವುದು, ನಾನು ಆಚೆ ಬದಿಯಲ್ಲಿ ಮಣೆ ಹಾಕಿಕೊಂಡು ಮೇಜಿನ ಕೆಳಗೆ ಕಾಲು ತೂರಿಸಿ ತುಳಿಯುವುದು. ಅವಳು ಚಾಲಕಿ, ನಾನು ಇಂಜಿನ್ನು.

"ತುಳೀರಿ... ನಿಲ್ಸಿ. ನಿಲ್ಸಿ ಅಂದ್ನಲ್ಲ!"

"ನಿಲ್ಸಿದೆ."

"ಈಗ ಯಾಕೆ ನಿಲ್ಸಿದ್ರಿ? ತುಳೀರಿ! ಅಯ್ಯೋ, ಹಿಂದಕ್ಕಲ್ಲ, ಮುಂದಕ್ಕೆ!"

ನಾನು ಹಿಂದಕ್ಕೆ ತುಳಿದಾಗಲೆಲ್ಲ ದಾರ ಹರಿಯಿತು. ಮುಂದಕ್ಕೆ ತುಳಿದಾಗ ಮಿಷನ್ನು ಕುದುರೆಯಂತೆ ಕೆನೆದು ಓಡಿತು. ಒಂದು ಮೊಲದ ಕಿವಿ ಬಾಲಕ್ಕೆ ಹೊಲಿದುಹೋಯಿತು. ಇನ್ನೊಂದಕ್ಕೆ ಮೂರು ಕಿವಿಯಾದವು. ಸಂಜೆಯ ಹೊತ್ತಿಗೆ ಐದು ಮೊಲ ಸಿದ್ಧ. ಅವುಗಳಲ್ಲಿ ಎರಡನ್ನು ಮಾತ್ರ ಮೊಲವೆಂದು ಒಪ್ಪಬಹುದಿತ್ತು. ನನ್ನ ಎರಡೂ ಕಾಲುಗಳು ಯಾರದೋ ಆಗಿಹೋಗಿದ್ದವು.

ಆದರೆ ತಲೆನೋವು? ಮಧ್ಯಾಹ್ನ ಮಲಗುವ ಮುಂಚೆ ತಲೆದೆಸೆಯ ಗೋಡೆಯ ಸ್ವಿಚ್ಚೊಂದನ್ನು ಆರಿಸುವ ಪದ್ಧತಿಯನ್ನು ನಾನು ಬುಧವಾರವೇ ಜಾರಿಗೆ ತಂದಿದ್ದೆ. ಅದು ಟಪ್ ಎಂದದ್ದೇ ತಡ, ತಲೆಯ ಮೇಲಿಂದ ಗೋಣಿಚೀಲ ಇಳಿಸಿದಷ್ಟು ಹಗುರ! ಎದ್ದು ಮತ್ತೆ ಹಾಕಿದರೆ ಚೀಲ ವಾಪಸ್ಸು. "ಇದಕ್ಕಿಂತ ಸಾಕ್ಷಿ ಬೇಕೇನೇ?" ಎಂದು ಕೇಳಿದೆ. ಅವಳು ಫೋನ್ ಎತ್ತಿಕೊಂಡು ಅಡುಗೆಮನೆಗೆ ಹೋದಳು.

ಶುಕ್ರವಾರ ಬೆಳಗ್ಗೆ ನನ್ನ ಬಾವಮೈದುನ ಬಂದ. ಅವಳ ತಮ್ಮ. ವೃತ್ತಿಯಲ್ಲಿ ವೈರಿಂಗ್ ಕೆಲಸದವನು. ಕಂಬ ಹತ್ತಿ ಹತ್ತಿ ಅವನಿಗೆ ನೆಲದ ಮೇಲಿನವರೆಲ್ಲ ಸ್ವಲ್ಪ ಸಣ್ಣವರಾಗಿ ಕಾಣುತ್ತಾರೆ.

"ಏನು ಬಾವ, ಅಕ್ಕನ ಕೈಲಿ ಮೊಲ ಹೊಲಿಸೋದು ಬಿಟ್ಟು ಕುರಿ ಮಾಡ್ತಿದ್ದೀರಂತೆ?"

"ನಿನಗೆ ತಿಳಿಯಲ್ಲಯ್ಯ. ದಿನಾ ತಂತಿ ಮುಟ್ಟಿ ಮುಟ್ಟಿ ನಿನ್ನ ಮಿದುಳು ಯಾವಾಗಲೋ ಬೆಂದಿದೆ."

"ಇರಬಹುದು. ಎಲ್ಲಿ, ಆ ಮೀಟರು ಕೊಡಿ."

ಅವನು ಅದನ್ನು ಹಿಡಿದು ಫ್ರಿಜ್ಜಿನ ಬಳಿ ಹೋದ. ಮುಳ್ಳು ಹಸಿರಲ್ಲೇ ಮಲಗಿತ್ತು. ಟೀವಿ, ಮಿಕ್ಸಿ, ಕಪಾಟು: ಹಸಿರು, ಹಸಿರು, ಹಸಿರು. ಮೋಟಾರಿಗೆ ಬೆಲ್ಟು ಹಾಕಿ ಓಡಿಸಿ ಪಕ್ಕಕ್ಕೇ ಹಿಡಿದ. ಮುಳ್ಳು ನಿದ್ದೆಯಲ್ಲಿ ಮಗ್ಗುಲಾದ ಹಾಗೆ ಕೂದಲೆಳೆಯಷ್ಟು ಅಲುಗಿ ಸುಮ್ಮನಾಯಿತು.

"ಹಿಡಿಯೋ ರೀತಿ ತಪ್ಪು, ಇಲ್ಲಿ ಕೊಡು" ಎಂದು ನಾನು ಕಿತ್ತುಕೊಂಡೆ. ಮುಳ್ಳು ಕೆಂಪಿಗೆ ಹಾರಿತು. "ಕಂಡ್ಯಾ!"

"ಬಾವ, ಹಾಗೇ ಅಂಗಳಕ್ಕೆ ಹೋಗಿ."

ಹೋದೆ. ಕೆಂಪು.

"ರಸ್ತೆ ಮಧ್ಯಕ್ಕೆ."

ಕೆಂಪು. ಬಾವಮೈದುನ ಬಾಗಿಲಲ್ಲಿ ನಿಂತು ಅಕ್ಕನಿಗೆ ಕೂಗಿ ಹೇಳಿದ: "ಅಕ್ಕಾ, ಮನೇಲಿ ಏನೂ ತೊಂದರೆ ಇಲ್ಲ. ಇದ್ದದ್ದು ಈಗ ರಸ್ತೆಗೆ ಹೋಗಿದೆ."

ನಾನು ಒಳಗೆ ಬರುವಷ್ಟರಲ್ಲಿ ನನ್ನಾಕೆ ಕತ್ತರಿ ಮೇಜನ್ನು ಖಾಲಿ ಮಾಡಿದ್ದಳು. "ಮೀಟರು ಇದರ ಮೇಲೆ ಇಡಿ" ಎಂದಳು. ಇಟ್ಟೆ. ಕೈ ತೆಗೆದೆ. ಮುಳ್ಳು ಹಸಿರಿಗೆ ಇಳಿಯಿತು.

"ಈಗ ಎಡಗೈ ಹತ್ರ ತನ್ನಿ."

ತಂದೆ. ಮುಳ್ಳು ಎದ್ದು ನಿಂತು ಸಲಾಮು ಹೊಡೆಯಿತು.

"ಬಲಗೈ?"

ಮುಳ್ಳಿಗೆ ನನ್ನ ಬಲಗೈಯ ಗುರುತೇ ಇರಲಿಲ್ಲ.

ಅವಳು ನನ್ನ ಎಡಗೈ ಹಿಡಿದು ಕಡಗ ಕಳಚಿದಳು. ಸೂಜಿಡಬ್ಬಿಯ ಮೇಲೆ ಇಳಿಬಿಟ್ಟಳು. ನೂರಾರು ಗುಂಡುಸೂಜಿಗಳು ಒಮ್ಮೆಗೇ ಹಾರಿ ಅದನ್ನು ಮುತ್ತಿದವು. ಕಡಗ ಮುಳ್ಳುಹಂದಿಯ ಮರಿಯಾಯಿತು. ಅವಳು ಅದನ್ನು ಕಿಟಕಿಯ ಬೆಳಕಿಗೆ, ಇಡೀ ಬೀದಿಗೆ ಕಾಣುವ ಹಾಗೆ ಎತ್ತಿ ಹಿಡಿದಳು.

"ಇನ್‌ಸ್ಪೆಕ್ಟರ್ ಸಾಹೇಬ್ರೇ, ಅಳೆಯೋ ಮುಂಚೆ ಬರಿ ತಟ್ಟೆ ನೋಡಬೇಕು ಅಂತ ನಾನೂರು ಸಲ ಹೇಳಿದ್ರಲ್ಲ, ನೋಡಿದ್ರಾ?"

ನಾನು ಬಾಯಿ ತೆರೆದೆ. ಮೂವತ್ಮೂರು ವರ್ಷದ ಸೇವೆ, ಎರಡು ಪ್ರಶಸ್ತಿಪತ್ರ, ಅಷ್ಟೆಲ್ಲದರ ಹಿಂದಿನಿಂದ ಒಂದು ವಾಕ್ಯ ತಾನಾಗಿಯೇ ಹೊರಬಿತ್ತು:

"ಇದು ಇಲ್ಲಿಗೆ ಹೇಗೆ ಬಂತೋ ನನಗೆ ಗೊತ್ತಿಲ್ಲ."

"'ಸ್ವಾಮಿ' ಅನ್ನೋದು ಬಿಟ್ಟುಹೋಯ್ತು" ಎಂದಳು.

ಆಮೇಲೆ ಅವಳು ನಕ್ಕ ನಗುವಿಗೆ ಹೋಲಿಸಿದರೆ ಅಂದು ನಾನು ನಕ್ಕದ್ದು ಕೆಮ್ಮು.

ಸೋತವನು ಕೊನೆಯ ಬಾಣ ಬಿಡಬೇಕಲ್ಲ. "ಹಾಗಾದ್ರೆ ಆ ತಲೆದೆಸೆಯ ಸ್ವಿಚ್ಚು? ಅದನ್ನ ಆರಿಸಿದ್ರೆ ನೋವು ಹೋಗುತ್ತಲ್ಲ?"

ಬಾವಮೈದುನ ಹೋಗಿ ನೋಡಿ ಬಂದ. "ಬಾವ, ಎರಡು ವರ್ಷದ ಹಿಂದೆ ಹೊಸ ವೈರು ಎಳೆದಾಗ ಹಳೇ ಬೋರ್ಡು ತೆಗೆಯೋದು ಬೇಡ, ಗೋಡೆ ಬಣ್ಣ ಹಾಳಾಗುತ್ತೆ ಅಂದಿದ್ದು ನೀವೇ. ಅದಕ್ಕೆ ಕರೆಂಟೇ ಇಲ್ಲ."

ಅವನು ಅಲ್ಲಿಗೆ ಬಿಡಲಿಲ್ಲ. ಇಸ್ತ್ರಿಪೆಟ್ಟಿಗೆಯ ವೈರು ಎತ್ತಿ ಹಿಡಿದು ನಗು ನಿಲ್ಲಿಸಿದ. ಮೂರು ವರ್ಷದ ಹಿಂದೆ ಅದರ ಹೊದಿಕೆ ಬಿರಿದಾಗ ನಾನೇ ಪಾರ್ಸೆಲ್ಲಿಗೆ ಸುತ್ತುವ ಟೇಪು ಸುತ್ತಿದ್ದೆ. ಟೇಪು ಈಗ ಒಣಗಿ ಉದುರಿ, ಒಳಗಿನ ತಾಮ್ರ ಹಲ್ಲುಕಿರಿಯುತ್ತಿತ್ತು.

"ಗೋಡೆ ದಾಟಿ ಬರೋ ಅಲೆಗೆ ಹೆದರ್ತೀರಲ್ಲ ಬಾವ, ಮನೆ ಸಾಮಾನಿಂದ ಬರೋದು ಎಷ್ಟು ಅಂತ ಈಗ ತಾನೇ ನೋಡಿದ್ರಿ. ಕರೆಂಟು ಜನರ ಪ್ರಾಣ ತೆಗೆಯೋದು ಹೀಗೆ. ಅಕ್ಕ ದಿನಾ ಇದನ್ನ ಮುಟ್ತಾಳೆ."

ನನಗೆ ಆ ಮಾತಿಗೆ ಜೋಕು ಸಿಗಲಿಲ್ಲ. ಇವತ್ತಿಗೂ ಸಿಕ್ಕಿಲ್ಲ. ಎದ್ದು ಹೋಗಿ ಹೊಸ ವೈರು ತಂದೆ. ಅವನು ಹಾಕಿಕೊಟ್ಟು, ಮೋಟಾರಿನ ಕೆಂಪು ಚೀಟಿ ಬಿಚ್ಚಿ ಅಕ್ಕನ ಕೈಗಿಟ್ಟು ಹೋದ.

ಮೋಟಾರು ಗುಂಯ್ ಎಂದು ಹಾಡತೊಡಗಿತು. ಮೊಲಗಳು ಒಂದಾದಮೇಲೊಂದು ಹಾರಿ ಬಂದವು. ನನಗೆ ಸಿಕ್ಕ ಶಿಕ್ಷೆ: ಹೊಲಿದ ಕಿವಿಗಳನ್ನು ಪೆನ್ಸಿಲ್ಲಿನಿಂದ ಒಳಮೈ ಹೊರಮೈ ಮಾಡಿ ಹತ್ತಿ ತುಂಬುವುದು, ಮತ್ತು ಕಡಗಕ್ಕೆ ದಾರ ಕಟ್ಟಿ ನೆಲದ ಮೇಲೆ ಎಳೆದಾಡುತ್ತ ಬಿದ್ದ ಸೂಜಿ ಆರಿಸುವುದು. ಆ ಕೆಲಸಕ್ಕೆ ಅದು ಅಮೋಘ ವಸ್ತು, ಇದನ್ನು ಒಪ್ಪಲೇಬೇಕು. ಮೂವತ್ತನೇ ಕಿವಿಯಲ್ಲಿ ಅವಳು ಕೇಳಿದಳು:

"ತಲೆನೋವು ಹೇಗಿದೆ?"

ಎಡಗಿವಿಯ ಹಿಂದೆ ಮುಟ್ಟಿ ನೋಡಿಕೊಂಡೆ. ಬಾಗಿಲು ಹಾಕಿತ್ತು. ಮನೆ ಕಟ್ಟಿದವನು ಯಾವಾಗಲೋ ಖಾಲಿ ಮಾಡಿದ್ದ. "ಸ್ವಲ್ಪ ಇದೆ" ಎಂದೆ. ಮನುಷ್ಯನಿಗೆ ಮಾನ ಬೇಕಲ್ಲ.

ಶನಿವಾರ ಬೆಳಗ್ಗೆ ಇಪ್ಪತ್ಮೂರು ಮೊಲಗಳ ಗಂಟು ಹೊತ್ತು ಹೊರಡುವಾಗ ನನ್ನಾಕೆ ಬಾಗಿಲವರೆಗೂ ಬಂದಳು. ಹಿಂದಿನಿಂದ ನನ್ನ ಕಾಲರ್ ಸರಿಮಾಡಿ, ಬೆನ್ನು ತಟ್ಟಿ ಕಳಿಸಿದಳು. ಮೂವತ್ತೇಳು ವರ್ಷದಲ್ಲಿ ಇದು ಎರಡನೇ ಸಲ. ನಾನು ಮಂಜಿನಂತೆ ಕರಗಿಹೋದೆ. ಬೀದಿಯಲ್ಲಿ ನನ್ನನ್ನು ದಾಟಿಹೋದವರೆಲ್ಲ ತಿರುತಿರುಗಿ ನೋಡಿ ನಕ್ಕರು. ಗಂಟಿನಿಂದ ಇಣುಕುವ ಕಿವಿಗಳನ್ನು ನೋಡಿ ನಗುತ್ತಿದ್ದಾರೆಂದು ನಾನೂ ನಕ್ಕೆ.

ಎಂಟಕ್ಕೆ ಐದು ನಿಮಿಷವಿರುವಾಗ ಹೆಡ್‌ಮೇಡಂ ಮೊಲಗಳನ್ನು ಎಣಿಸಿಕೊಂಡರು. ಒಂದೊಂದರ ಹೊಲಿಗೆಯನ್ನೂ ಎಳೆದು ನೋಡಿ, "ಸಮವಸ್ತ್ರದ ಕೆಲಸವೂ ನಿಮ್ಮನೆಯವರಿಗೇ ಅಂತ ಹೇಳಿಬಿಡಿ" ಎಂದರು. ನಾನು ಎದೆಯುಬ್ಬಿಸಿ ತಿರುಗಿ ಹೊರಟೆ.

"ಒಂದು ನಿಮಿಷ" ಎಂದು ತಡೆದರು. ನನ್ನ ಬೆನ್ನ ಮೇಲೆ ಕಾಲರಿನಿಂದ ಏನೋ ತೂಗಾಡುತ್ತಿತ್ತು. ಅವರು ಕನ್ನಡಕ ಸರಿಮಾಡಿಕೊಂಡು, ಕೆಂಪು ರಟ್ಟನ್ನು ಬೆಳಕಿಗೆ ಹಿಡಿದು, ಒಂದೊಂದೇ ಅಕ್ಷರ ಗಟ್ಟಿಯಾಗಿ ಓದಿದರು. ಆಮೇಲೆ ಅದನ್ನು ಬಿಚ್ಚದೆ, ಹಾಗೇ ನೆಟ್ಟಗೆ ಇಳಿಬಿಟ್ಟು ನಿಟ್ಟುಸಿರಿಟ್ಟರು.

"ನಮ್ಮ ಮನೇಲೂ ಒಂದಿದೆ. ಈ ಚೀಟಿ ಇನ್ನೊಂದು ಸಿಗುತ್ತಾ ಅಂತ ನಿಮ್ಮನೆಯವರನ್ನ ಕೇಳಿ."