ತಿಪಟೂರು ಸೀಮೆಯಲ್ಲಿ ನಾನು ಚಿನ್ನ ಹುಡುಕಿದ್ದು

ಭಾನುವಾರ ಮನೆಯಲ್ಲಿ ಸುಮ್ಮನೆ ಕೂತವನಿಗೆ ನಗೆಪಾಟಲಾಗುವ ಅವಕಾಶ ಕಡಿಮೆ. ನಾನು ಕೂರುತ್ತಿರಲಿಲ್ಲ, ಹಾಗಾಗಿ ವಾರಕ್ಕೊಂದು ಅವಕಾಶ ತಪ್ಪದೆ ಸಿಗುತ್ತಿತ್ತು. ಬರೆಯುವುದು ಇದೇ ಮೊದಲು, ಎಲ್ಲಾ ಬಿಡಿಸಿ ಹೇಳುತ್ತೇನೆ, ಬೇಸರ ಮಾಡಿಕೊಳ್ಳಬಾರದು.

ಎಪ್ಪತ್ತರ ದಶಕದ ಕೊನೆ. ನಾನು ತಿಪಟೂರಿನಲ್ಲಿ ಪೋಸ್ಟ್‌ಮ್ಯಾನ್. ಕೋಲಾರದ ಗಣಿ ಕೆಲಸದಲ್ಲಿದ್ದ ನನ್ನ ಷಡ್ಡಕ, ಅಂದರೆ ಹೆಂಡತಿಯ ಅಕ್ಕನ ಗಂಡ, ಹಳ್ಳದ ಮರಳನ್ನು ನೀರಿನಲ್ಲಿ ತಿರುಗಿಸುತ್ತಾ ಜಾಲಿಸಿದರೆ ಚಿನ್ನ ತಳದಲ್ಲಿ ಉಳಿಯುತ್ತದೆ ಅಂತ ತೋರಿಸಿಕೊಟ್ಟ. ನಮ್ಮ ಸೀಮೆಯಲ್ಲಿ ಚಿನ್ನ ಸಿಕ್ಕಿದ್ದು ಯಾರಿಗೂ ಗೊತ್ತಿಲ್ಲ. ಯಾರೂ ಹುಡುಕಿಲ್ಲ, ಅದಕ್ಕೇ ಸಿಕ್ಕಿಲ್ಲ ಎಂದು ನಾನು ಲೆಕ್ಕ ಹಾಕಿದೆ.

ಆಗಷ್ಟೇ ಹೆಂಡತಿಯ ಮೂಗುಬೊಟ್ಟು ಬಟ್ಟೆ ಒಗೆಯುವಾಗ ಕೆರೆಗೆ ಬಿದ್ದುಹೋಗಿತ್ತು. "ಗೌರಿ ಹಬ್ಬದೊಳಗೆ ನಾನೇ ಹುಡುಕಿದ ಚಿನ್ನದಲ್ಲಿ ಹೊಸದು ಮಾಡಿಸ್ತೀನಿ" ಎಂದೆ.

"ಆಗದಿದ್ರೆ?"

"ಹುಡುಕೋದೇ ಬಿಟ್ಟುಬಿಡ್ತೀನಿ."

"ಹಂಗಾದ್ರೆ ಎರಡರಲ್ಲಿ ಯಾವುದಾದ್ರೂ ನಂಗೆ ಲಾಭವೇ ಬುಡಿ" ಅಂದಳು.

ಬೋಗುಣಿ

ಮರಳು ಜಾಲಿಸಲು ಅವಳ ಬೋಗುಣಿ ಒಯ್ದೆ. ಅದು ಅವಳು ಅಕ್ಕಿಯಲ್ಲಿ ಕಲ್ಲು ತೆಗೆಯುವ ಬೋಗುಣಿ. ಕೆಲಸ ಒಂದೇ ನೋಡಿ: ಅಲ್ಲಿ ಕಲ್ಲು ತಳಕ್ಕೆ, ಇಲ್ಲಿ ಚಿನ್ನ ತಳಕ್ಕೆ. ಸಂಜೆಯವರೆಗೆ ಹಳ್ಳದಲ್ಲಿ ಏನೂ ಸಿಗಲಿಲ್ಲ. ಮನೆಗೆ ಬಂದು ಊಟಕ್ಕೆ ಕೂತರೆ ಹಲ್ಲಿಗೆ ಕಟಕ್ ಅಂತ ಏನೋ ಸಿಕ್ಕಿತು.

"ರೀ, ನೋಡಿ ಉಗೀರಿ, ಚಿನ್ನ ಇರಬೌದು" ಎಂದಳು.

ಉಂಗುರ

ಇನ್ನೊಂದು ಭಾನುವಾರ ಚಿಕ್ಕನಾಯಕನಹಳ್ಳಿ ಗುಡ್ಡದ ಬುಡದಲ್ಲಿ ಬಗ್ಗಿ ಹುಡುಕುತ್ತಿದ್ದೆ. ಕುರಿ ಕಾಯುವ ಅಜ್ಜ ಬಂದು, "ಏನ್ ಕಳ್ಕೊಂಡ್ರಿ ಸ್ವಾಮಿ?" ಅಂದ. ಚಿನ್ನ ಹುಡುಕುತ್ತಿದ್ದೇನೆ ಎನ್ನಲು ನಾಚಿಕೆಯಾಗಿ "ಉಂಗುರ" ಎಂದುಬಿಟ್ಟೆ. ಅಜ್ಜ ಕೂಗು ಹಾಕಿದ. ಗುಡ್ಡದ ಆ ಕಡೆಯಿಂದ ಇನ್ನೂ ನಾಲ್ವರು ಬಂದರು. ಎಲ್ಲರೂ ಬಿಸಿಲಲ್ಲಿ ಕಲ್ಲು ಕಲ್ಲು ಎತ್ತಿ ನೋಡಿದರು. ಸಾಕು ಎಂದರೆ, "ಚಿನ್ನ ಅಲ್ವೇನ್ ಸ್ವಾಮಿ, ಸಾಕು ಅಂದ್ರೆ ಹೆಂಗೆ?" ಅನ್ನುತ್ತಿದ್ದರು. ಹೊತ್ತು ಇಳಿಯುವಾಗ ಅಜ್ಜ ನನ್ನ ಕೈ ಹಿಡಿದು ಐದೂ ಬೆರಳು ತಿರುಗಿಸಿ ನೋಡಿದ.

"ಉಂಗ್ರ ಹೋಗಿದ್ದು ಸರಿ ಕಣಪ್ಪ. ಅದರ ಗುರ್ತನೂ ಜತೆಗೇ ಹೋಗೈತಲ್ಲ!"

ಆಚಾರ್ರು

ಕೊನೆಗೊಂದು ದಿನ ಬೋಗುಣಿಯ ತಳದಲ್ಲಿ ಹಳದಿ ಚೂರು ಮಿನುಗಿತು. ಅದನ್ನು ಪೋಸ್ಟ್ ಕವರಿನಲ್ಲಿಟ್ಟು ಚಿನ್ನದ ಕೆಲಸದ ಆಚಾರ್ರ ಹತ್ತಿರ ಓಡಿದೆ. ಒರೆಗಲ್ಲಿಗೆ ಉಜ್ಜುತ್ತಾರೆ, ತಕ್ಕಡಿಯಲ್ಲಿ ತೂಗುತ್ತಾರೆ ಅಂದುಕೊಂಡಿದ್ದೆ. ಅವರು ಅಂಗೈಯಲ್ಲಿಟ್ಟು ಉಫ್ ಎಂದು ಊದಿದರು. ಚೂರು ಬೀದಿಗೆ ಹಾರಿಹೋಯಿತು.

"ಕಾಗೆಬಂಗಾರ" ಎಂದರು. "ಕವರ್ ಚೆನ್ನಾಗೈತೆ, ಮಡಿಕ್ಕೊಳ್ಳಿ."

ಎದ್ದು ನಿಂತ ಕಾಯಿ

ಹಬ್ಬಕ್ಕೆ ಐದು ವಾರ ಉಳಿದಿತ್ತು. ಬಿಳಿಗೆರೆ ಕಡೆ ತೋಟದ ಯಜಮಾನರೊಬ್ಬರಿಗೆ ಕಾಗದ ಕೊಡುವಾಗ ಕಷ್ಟ ಹೇಳಿಕೊಂಡೆ. ಅವರು ಅಂಗೈ ಮೇಲೆ ತೆಂಗಿನಕಾಯಿ ಮಲಗಿಸಿಕೊಂಡು ನಡೆದು ನೀರಿನ ಸೆಲೆ ಹೇಳುವವರು. ಸೆಲೆ ಇದ್ದಲ್ಲಿ ಕಾಯಿ ಎದ್ದು ನಿಲ್ಲುತ್ತದೆ ಅಂತ ನಂಬಿಕೆ.

"ಚಿನ್ನ ಇದ್ರೂ ನಿಲ್ತದೆ ಕಣಪ್ಪ" ಎಂದರು.

ಅವರ ತೋಟದಲ್ಲೇ ಕಾಯಿ ನಿಂತಿತು. ನಾಲ್ಕು ಭಾನುವಾರ ಅಗೆದೆ. ಎರಡಾಳುದ್ದ ಇಳಿದಾಗ ಕಾಲಡಿಯಿಂದ ನೀರು ಬುಗ್ಗೆಂದು ಚಿಮ್ಮಿತು. ಯಜಮಾನರು ಬಗ್ಗಿ ನೋಡಿ, "ಅಯ್ಯೋ, ಕಾಯಿ ಒಂದ್ ಮಾರು ಈಚೆಗೆ ನಿಂತ್ಬುಡ್ತು ಅಂತ ಕಾಣ್ತದೆ" ಎಂದು ಮರುಗಿದರು. ನಾನು ಹತ್ತಿ ಬಂದು ನೋಡಿದರೆ, ಅವರ ಹಿಂದೆ ಗಾಡಿಯಲ್ಲಿ ಪಂಪ್‌ಸೆಟ್ ಆಗಲೇ ಬಂದು ನಿಂತಿತ್ತು.

ಗೌರಿ ಹಬ್ಬದ ಬೆಳಿಗ್ಗೆ ಸೋತ ಮುಖದಲ್ಲಿ ಬೋಗುಣಿ ತೊಳೆದು ಹೆಂಡತಿಗೆ ಒಪ್ಪಿಸುತ್ತಿದ್ದೆ. ಬಾಗಿಲಲ್ಲಿ ಮೂವರು ತೋಟದವರು, ಮೂವರ ಕೈಯಲ್ಲೂ ಒಂದೊಂದು ತೆಂಗಿನಕಾಯಿ.

"ಅವ್ವಾ, ಚಿನ್ನ ಅಗೆಯೋರು ಇವರೇನಾ? ನಮ್ಮ ತೋಟದಲ್ಲೂ ಐತಂತೆ ಕಣವ್ವ."

ಹೆಂಡತಿ ನನ್ನನ್ನು ಹಿಂದಕ್ಕೆ ಸರಿಸಿ, ಬರಿಮೂಗು ಮುಟ್ಟಿ ತೋರಿಸಿದಳು. "ನಮ್ಮೋರು ಚಿನ್ನ ಇಲ್ಲದ ಕಡೆ ಅಗೆಯಲ್ಲ ಕಣ್ರಪ್ಪ. ಮೂವರೂ ಸೇರಿ ಮೊದಲು ಚಿನ್ನ ತೋರಿಸಿ, ಆಮೇಲೆ ಗುದ್ದಲಿ."

ದೀಪಾವಳಿ ಹೊತ್ತಿಗೆ ಅವಳ ಮೂಗಿಗೆ ಬೊಟ್ಟು ಬಂತು. ನನ್ನ ಅಂಗೈಗೆ ಬೊಬ್ಬೆ ಬಂತು.