ಹಾಡು ಬಂದಾಗ ಎದ್ದು ಹೋಗುವುದು

ಒಂದು ಕಡೆ ಸುಮ್ಮನೆ ಕೂತಿರುವುದು ಎಲ್ಲರಿಂದಲೂ ಆಗುವ ಕೆಲಸವಲ್ಲ. ನನ್ನಿಂದಂತೂ ಆಗದು. ಬಸ್ಸು ಹತ್ತುವ ಮೊದಲೇ ಇಳಿಯುವ ಚಿಂತೆ, ಮದುವೆಮನೆಗೆ ಹೋದರೆ ಬಾಗಿಲಲ್ಲಿ ಬಿಟ್ಟ ಚಪ್ಪಲಿಯ ಚಿಂತೆ. ಇಂಥವನನ್ನು ಎಂಬತ್ತರ ದಶಕದಲ್ಲಿ ತುಮಕೂರಿನ ಕೆಲವು ಸಿನಿಮಾಪ್ರೇಮಿಗಳು ದೊಡ್ಡ ವಿಮರ್ಶಕನೆಂದು ನಂಬಿಕೊಂಡಿದ್ದರು. ನಾಡಿಗೆಲ್ಲ ಹೆಸರಾದ ನಿರ್ದೇಶಕರೊಬ್ಬರು ಮೊದಮೊದಲು ಹಾಡುಗಳನ್ನೇ ತುಂಬಿ ತೆಗೆದಿದ್ದ, ಯಾರೂ ನೆನಪಿಡದ ಚಿತ್ರವೊಂದನ್ನು ಭಾನುವಾರ ತೋರಿಸುವುದು, ಅದಕ್ಕೂ ಮುಂಚೆ ಅವರನ್ನೇ ಎದುರಿಗೆ ಕೂರಿಸಿಕೊಂಡು ನಾನು ಅದರ ಗುಣದೋಷ ಹೇಳುವುದು ಎಂದಾಯಿತು. ಎಡವಟ್ಟಾದರೆ ಊರಲ್ಲಿದ್ದ ಅಷ್ಟಿಷ್ಟು ಮರ್ಯಾದೆಯೂ ಹೋದಂತೆಯೇ.

ಅದೃಷ್ಟಕ್ಕೆ ಆ ವಾರ ಚಿತ್ರ ಅಮೃತೂರಿನ ಟೆಂಟಿನಲ್ಲಿ ಓಡುತ್ತಿತ್ತು. ಹೆಂಡತಿ ಸರೋಜಳನ್ನು ಕರೆದುಕೊಂಡು ಮೊದಲ ಆಟಕ್ಕೆ ಹೋದೆ. ಟೆಂಟಿನಲ್ಲಿ ಹಾಡು ಬಂತೆಂದರೆ ಗಂಡಸರು ಬೀಡಿ ಸೇದಲು ಎದ್ದು ಹೋಗುವುದು ವಾಡಿಕೆ. ಅವರ ಹಿಂದೆ ನಾನೂ ಎದ್ದೆ. ಬೀಡಿಗಲ್ಲ, ಕಡೇ ಬಸ್ಸು ಹೊರಟುಬಿಟ್ಟಿತೇನೋ ಎಂದು ನೋಡಲು. ಕಂಡಕ್ಟರ್ ಮೊದಲ ಸಲ ನಕ್ಕ, ಆಮೇಲೆ ರೇಗಿದ. “ಏನ್ ಸಾ ನೀವು! ಆಟ ಬುಡೋಗಂಟ ಬಸ್ಸು ಅಲ್ಲಾಡಾಕಿಲ್ಲ. ಡ್ರೈವರ್ರೇ ಒಳಗೆ ಪಿಚ್ಚರ್ ನೋಡ್ತಾವ್ನೆ. ಹೋಗಿ ಕುಂತ್ಕಳಿ!” ಕೂತೆ. ಇನ್ನೊಂದು ಹಾಡು ಶುರುವಾಯಿತು. ಬೀಡಿಗೆಂದು ಎದ್ದ ಡ್ರೈವರ್ ಹಾಗೇ ಹೋಗಿ ಸ್ಟೀರಿಂಗ್ ಹಿಡಿದರೆ ಗತಿಯೇನು? ಮತ್ತೆ ಎದ್ದೆ. ಹೀಗೆ ಒಂದು ಹಾಡನ್ನೂ ಕೇಳದೆ ಸಂಗೀತಮಯ ಚಿತ್ರವೊಂದನ್ನು ನೋಡಿ ಮುಗಿಸಿದೆ.

“ಹಾಡು ಬಿಟ್ಟು ಏನ್ರೀ ಮಾತಾಡ್ತೀರಿ? ನಾನು ಹೇಳ್ಕೊಡ್ಲಾ?” ಎಂದು ಸರೋಜ ದಾರಿಯುದ್ದಕ್ಕೂ ಕಾಡಿದಳು. ಬೇಡವೆಂದೆ. ವಿಮರ್ಶಕನ ಜಂಬ.

ಭಾನುವಾರ ನಿರ್ದೇಶಕರ ಎದುರು ನಿಂತು ದನಿ ಏರಿಸಿ, “ಇಲ್ಲಿ ಹಾಡುಗಳು ಕತೆಯನ್ನು ಒಂದು ಕ್ಷಣವೂ ತಡೆಯುವುದಿಲ್ಲ. ಅವು ಬಂದದ್ದು, ಹೋದದ್ದು ನನಗೆ ಗೊತ್ತೇ ಆಗಲಿಲ್ಲ” ಎಂದೆ. ಸುಳ್ಳೇನಲ್ಲ. ಸರೋಜ ಬಾಯಿಗೆ ಸೆರಗು ಒತ್ತಿಕೊಂಡಳು. ನಿರ್ದೇಶಕರು ಎದ್ದು ಬಂದು ನನ್ನ ಕೈ ಹಿಡಿದುಕೊಂಡರು. “ಹಾಡೇ ಚಿತ್ರಾನ ಕೊಂದಿದ್ದು ಅಂತ ಎಲ್ಲರೂ ಬೈದರು. ನೀವೊಬ್ಬರು ಸಿಕ್ಕಿದಿರಿ. ಬನ್ನಿ, ನನ್ನ ಪಕ್ಕದಲ್ಲೇ ಕೂತ್ಕೊಳ್ಳಿ.”

ಸಾಲಿನ ನಟ್ಟನಡುವೆ, ಅವರಿಗೂ ಸರೋಜಳಿಗೂ ಮಧ್ಯೆ ಸಿಕ್ಕಿಕೊಂಡೆ. ಮೊದಲ ಹಾಡು ಬಂತು. ಕಾಲುಗಳು ತಾವಾಗಿ ಚಡಪಡಿಸಿದವು. ಕುರ್ಚಿ ಹಿಡಿದು ಕೂತೆ. ಹೊಳೆಯ ದಡದಲ್ಲಿ ಬಟ್ಟೆ ಒಗೆಯುತ್ತ ಹುಡುಗಿಯೊಬ್ಬಳು ಹಾಡುತ್ತಿದ್ದಳು. ಎಷ್ಟು ಚೆನ್ನಾಗಿತ್ತು! ಇದನ್ನು ಬಿಟ್ಟು ನಿಂತ ಬಸ್ಸನ್ನು ಕಾದೆನಲ್ಲ ಎಂದು ಹೊಟ್ಟೆ ಉರಿಯಿತು. ಜೀವಮಾನದಲ್ಲೇ ಮೊದಲ ಬಾರಿಗೆ ಇಲ್ಲೇ ಕೂತಿರೋಣ ಅನ್ನಿಸಿತು.

ಅಷ್ಟರಲ್ಲಿ ನಿರ್ದೇಶಕರು ಮೊಣಕೈಯಿಂದ ತಿವಿದರು. “ಏಳಿ ಸ್ವಾಮಿ, ಇದು ಮುಗಿಯೋದ್ರಲ್ಲಿ ಒಂದು ಸಿಗರೇಟ್ ಸೇದ್ಬರೋಣ. ಈ ಹಾಡುಗಳನ್ನ ಕೂತು ಕೇಳೋಕೆ ನನ್ನ ಕೈಲೂ ಆಗಲ್ಲ.”

ನಾನು ಸಿಗರೇಟು ಸೇದುವವನಲ್ಲ. ಆದರೂ ಎದ್ದೆ.